ಪಟ್ಟಿಯಲ್ಲಿ ಬಿಟ್ಟ ಊರು

ನನ್ನ ಅಕ್ಕನನ್ನು ಹಂಸಭಾವಿಗೆ ಕೊಟ್ಟು ಹನ್ನೊಂದು ವರ್ಷವಾಯಿತು. ಅದರಲ್ಲಿ ಆರು ವರ್ಷದಿಂದ ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿದೆ. ಕಾರಣ ಕೇಳಿದವರು ನಗುತ್ತಾರೆ, ನನಗೆ ಮೈಯೆಲ್ಲ ಉರಿಯುತ್ತದೆ. ಹಾನಗಲ್ಲಿನಲ್ಲಿ ಚಿಕ್ಕಪ್ಪನ ಮಗಳ ಮದುವೆ. ಬೀಗರನ್ನು, ಅಂದರೆ ಅಕ್ಕನ ಮಾವನನ್ನು, ಯಾರೋ ಎರಡನೇ ಪಂಕ್ತಿಗೆ ಕೂರಿಸಿದರು. ಅಷ್ಟರಲ್ಲಿ ಹೋಳಿಗೆ ಮುಗಿದಿತ್ತು. ಅವರು ಎಲೆ ಬಿಟ್ಟು ಎದ್ದರು. ಕೈಮುಗಿದು ಕೂರಿಸಬೇಕಾಗಿದ್ದ ಅಪ್ಪ, ‘ಹಸಿವಿದ್ದವ್ರು ಕುಂದರ್ತಾರ ಬಿಡ್ರಿ’ ಅಂದುಬಿಟ್ಟ.

ಅಲ್ಲಿಗೆ ಮುಗಿಯಿತು. ಅಪ್ಪ ಆ ಮನೆಯ ಹೊಸ್ತಿಲು ತುಳಿಯುವುದಿಲ್ಲ, ಅವರು ನಮ್ಮನ್ನು ಕರೆಯುವುದಿಲ್ಲ. ಕರೆಯದ ಮನೆಗೆ ತಂಗಿ ತಾನಾಗಿ ಹೋದರೆ ಎರಡೂ ಕಡೆ ಮಾನದ ಪ್ರಶ್ನೆ. ಫೋನ್ ಇದೆಯಲ್ಲ ಎಂದು ಗೆಳತಿಯರು ಹೇಳುತ್ತಾರೆ. ಫೋನಿನಲ್ಲಿ ಅಕ್ಕ ಅಳೆದು ತೂಗಿ ಮಾತಾಡುತ್ತಾಳೆ, ಏಕೆಂದರೆ ಸುತ್ತ ಯಾರಾದರೂ ಇದ್ದೇ ಇರುತ್ತಾರೆ. ಪಕ್ಕದಲ್ಲಿ ಕೂತು ಮೆಂತ್ಯದ ಸೊಪ್ಪು ಬಿಡಿಸುವಾಗ ಮಾತ್ರ ಅವಳ ಮನಸ್ಸಿನಲ್ಲಿದ್ದದ್ದು ಹೊರಗೆ ಬರುತ್ತದೆ.

ನಾನು ಹಾನಗಲ್ಲಿನ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಶಿಗ್ಗಾವಿ, ಸವಣೂರು, ಹಿರೇಕೆರೂರಿನಲ್ಲಿ ನಮ್ಮ ಶಾಖೆಗಳಿವೆ. ರೋಗಿಗಳ ವಿವರವೆಲ್ಲ ಹಾನಗಲ್ಲಿನ ಮುಖ್ಯ ಡೇಟಾಬೇಸಿನಲ್ಲಿದ್ದರೆ, ಅದರ ಒಂದೊಂದು ನಕಲು ಶಾಖೆಗಳಲ್ಲಿರುತ್ತದೆ. ಇಲ್ಲಿ ಬರೆದದ್ದು ಅಲ್ಲಿಯ ನಕಲಿಗೆ ತಾನಾಗಿಯೇ ಇಳಿಯಬೇಕು. ಇಲ್ಲಿಯ ಯಂತ್ರ ಬಂದ್ ಆದರೂ ಅಲ್ಲಿಯ ಡಾಕ್ಟರು ನಕಲನ್ನು ನೋಡಿ ಕೆಲಸ ಮುಂದುವರಿಸಬೇಕು. ಇದಕ್ಕೆ ರೆಪ್ಲಿಕೇಶನ್ ಎಂಬ ದೊಡ್ಡ ಹೆಸರಿದೆ. ಹೆಸರು ದೊಡ್ಡದಾದರೂ ಕೆಲಸ ಮಾತ್ರ ಕತ್ತೆ ಚಾಕರಿ.

ಮೊದಲು ಅದನ್ನೆಲ್ಲ ಕೈಯಿಂದ ಮಾಡುತ್ತಿದ್ದೆ. ನಕಲು ಕೆಟ್ಟಾಗ, ಹೊಸ ಆವೃತ್ತಿ ಬಂದಾಗಲೆಲ್ಲ ಡೇಟಾ ತುಂಬಿದ ಡಿಸ್ಕನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಬೇಕು. ಶಾಖೆಯಲ್ಲಿ ಕೂತು ಡೇಟಾಬೇಸ್ ಹಾಕಬೇಕು, ಆ ಯಂತ್ರಕ್ಕೆ ಅದರದೇ ಒಂದು ನಂಬರು ಕೊಡಬೇಕು, ಹಾನಗಲ್ಲಿಗೆ ಜೋಡಿಸಬೇಕು, ಆಮೇಲೆ ನಕಲು ಅಸಲಿನ ಮಟ್ಟಕ್ಕೆ ಬರುವವರೆಗೆ ಕಾಯಬೇಕು. ನಡುವೆ ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಒಂದು ಶಾಖೆಗೆ ಎರಡು ದಿನ ಬೇಕಾಗುತ್ತಿತ್ತು. ಶಿಗ್ಗಾವಿಗೂ ಸವಣೂರಿಗೂ ಹೋಗುವಾಗ ದಾರಿಯುದ್ದಕ್ಕೂ ಗೊಣಗುತ್ತಿದ್ದೆ. ಹಿರೇಕೆರೂರಿನ ಸರದಿ ಬಂದರೆ ಹಿಂದಿನ ದಿನವೇ ಚೀಲ ತುಂಬಿ ಇಟ್ಟಿರುತ್ತಿದ್ದೆ, ಏಕೆಂದರೆ ಹಂಸಭಾವಿ ಅಲ್ಲಿಂದ ದೂರವಿಲ್ಲ.

ಮೊದಲ ಸಲ ಅಕ್ಕನ ಮನೆಯ ಬಾಗಿಲಲ್ಲಿ ನಿಂತಾಗ ಸಂಜೆಯಾಗಿತ್ತು. ಭಾವ ಕಟ್ಟೆಯ ಮೇಲೆ ಕೂತಿದ್ದರು. ‘ಹಿರೇಕೆರೂರಾಗ ಆಸ್ಪತ್ರಿ ಕೆಲಸಕ್ಕ ಬಂದಿದ್ದೆ. ನಾಳೇನೂ ಕೆಲಸ ಐತ್ರಿ’ ಅಂದೆ. ಅವರು ನನ್ನ ಮುಖ ನೋಡಲಿಲ್ಲ, ಕೈಯಲ್ಲಿದ್ದ ಚೀಲ ನೋಡಿದರು. ಆಮೇಲೆ ಒಳಗೆ ಮುಖ ಮಾಡಿ ಕೂಗಿದರು: ‘ಆಸ್ಪತ್ರಿ ಮೇಡಂ ಬಂದಾರ. ಚಾ ಇಡು.’

ಅಷ್ಟರಿಂದ ಎಲ್ಲ ಸರಿಹೋಯಿತು. ಹಾನಗಲ್ಲಿನ ಬೀಗರ ಮಗಳು ಬಂದಿದ್ದರೆ ಅವರು ಮುಖ ಬಿಗಿಯಬೇಕಾಗುತ್ತಿತ್ತು. ಬಂದವಳು ಆಸ್ಪತ್ರೆ ಮೇಡಂ. ಕೆಲಸಕ್ಕೆ ಊರಿಗೆ ಬಂದವರಿಗೆ ಊಟ ಹಾಕುವುದಿಲ್ಲ ಅನ್ನುವ ಮನೆ ಅದಲ್ಲ. ಮನೆಗೆ ಬಂದು ಅಪ್ಪನಿಗೂ ಅದನ್ನೇ ಹೇಳಿದೆ: ಕೆಲಸವಿತ್ತು, ಬಸ್ಸು ಸಿಗಲಿಲ್ಲ, ಉಳಿದೆ. ಅಪ್ಪ ‘ಹೂಂ’ ಅಂದ. ಎರಡೂ ಮನೆಯ ಗಂಡಸರಿಗೆ ನನ್ನ ಕೆಲಸ ಒಳ್ಳೆಯ ನೆಪವಾಯಿತು.

ಅಡುಗೆಮನೆಯಲ್ಲಿ ಅಕ್ಕ ರೊಟ್ಟಿ ಬಡಿಯುತ್ತಾ ನನ್ನನ್ನು ಕೆದಕುತ್ತಿದ್ದಳು. ‘ಅವ್ವನ ಮೊಣಕಾಲು ಹೆಂಗೈತಿ? ಅಪ್ಪ ನನ್ನ ಹೆಸರು ತಗೀತಾನೇನು?’

‘ದಿನಾ ತಗೀತಾನ’ ಅನ್ನುತ್ತಿದ್ದೆ. ಅದು ಸುಳ್ಳು. ಅವಳಿಗೂ ಗೊತ್ತಿತ್ತು, ಆದರೂ ಪ್ರತಿ ಸಲ ಕೇಳುತ್ತಿದ್ದಳು. ಬೆಳಿಗ್ಗೆ ಹೊರಡುವ ಮೊದಲು ನನ್ನ ತಲೆಗೆ ಎಣ್ಣೆ ಹಚ್ಚಿ, ಶಾಲೆಗೆ ಕಳಿಸುವವಳ ಹಾಗೆ ಬಿಗಿಯಾಗಿ ಜಡೆ ಹೆಣೆಯುತ್ತಿದ್ದಳು. ಆ ಎಣ್ಣೆಜಡೆಯಲ್ಲೇ ಹಿರೇಕೆರೂರಿನ ಶಾಖೆಗೆ ಹೋಗಿ ಕೂರುತ್ತಿದ್ದೆ. ಅಲ್ಲಿಯ ನರ್ಸಮ್ಮ ನಕ್ಕರೂ ಬಿಚ್ಚುತ್ತಿರಲಿಲ್ಲ.

ಒಂದು ದಿನ ನಮ್ಮ ದೊಡ್ಡ ಡಾಕ್ಟರು ಕರೆದು ಕೇಳಿದರು. ‘ಮಾಡಿದ್ದನ್ನ ಎಷ್ಟ ಸಲ ಮಾಡ್ತೀರಿ? ಒಮ್ಮೆ ಬರೆದಿಟ್ಟು ಕಂಪ್ಯೂಟರ್ ಕೈಲೇ ಮಾಡಿಸಾಕ ಬರೂದಿಲ್ಲೇನ್ರಿ?’ ಬರುತ್ತದೆ. ಅದಕ್ಕೆಂದೇ ಕಾನ್ಫಿಗರೇಶನ್ ಟೂಲ್‌ಗಳಿವೆ. ಹಟ ಹಿಡಿದು ಕಲಿತೆ. ಯಂತ್ರ ಹೇಗಿರಬೇಕು ಅನ್ನುವುದನ್ನು ಒಂದು ಫೈಲಿನಲ್ಲಿ ಬರೆಯಬೇಕು, ಯಾವ ಯಾವ ಯಂತ್ರ ಅನ್ನುವ ಪಟ್ಟಿಯನ್ನು ಇನ್ನೊಂದರಲ್ಲಿ. ಟೂಲು ಪಟ್ಟಿ ಹಿಡಿದು ಒಂದೊಂದೇ ಯಂತ್ರಕ್ಕೆ ಹೋಗಿ ನೋಡುತ್ತದೆ. ಇಲ್ಲದ್ದನ್ನು ಹಾಕುತ್ತದೆ, ತಪ್ಪಿದ್ದನ್ನು ತಿದ್ದುತ್ತದೆ, ಸರಿಯಿದ್ದರೆ ಮುಟ್ಟದೆ ಮುಂದೆ ಹೋಗುತ್ತದೆ. ಎರಡು ಯಂತ್ರಗಳಿಗೆ ಒಂದೇ ನಂಬರು ಬೀಳದ ಹಾಗೂ ಅದೇ ನೋಡಿಕೊಳ್ಳುತ್ತದೆ.

ಹಾನಗಲ್ಲಿನ ಕುರ್ಚಿಯಲ್ಲಿ ಕೂತು ಶಿಗ್ಗಾವಿಯ ನಕಲನ್ನು ಎಬ್ಬಿಸಿದ ದಿನ ಇಡೀ ಆಸ್ಪತ್ರೆಗೆ ಪೇಡೆ ಹಂಚಿದೆ. ಮರುದಿನ ಸವಣೂರು. ಮೂರನೆಯ ದಿನ ಪಟ್ಟಿಯಲ್ಲಿ ಹಿರೇಕೆರೂರು ಎಂದು ಬರೆದವಳ ಕೈ ನಿಂತಿತು. ಇದೊಂದು ಸಾಲು ಓಡಿದರೆ ನಾನು ಇನ್ನು ಯಾವ ಮುಖ ಹೊತ್ತು ಹಂಸಭಾವಿಯಲ್ಲಿ ಇಳಿಯಲಿ?

ಸಾಲಿನ ಮುಂದೆ ಹ್ಯಾಶ್ ಗುರುತು ಇಟ್ಟರೆ ಟೂಲು ಅದನ್ನು ಓದದೆ ದಾಟಿಹೋಗುತ್ತದೆ. ನಾನು ಇಟ್ಟೆ. ‘ಹಿರೇಕೆರೂರಾಗ ಲೈನ್ ಛಲೋ ಇಲ್ರಿ ಸರ್, ಅಲ್ಲಿ ಕೈಲೇ ಮಾಡಬೇಕು’ ಅಂದೆ. ಡಾಕ್ಟರು ನಂಬಿದರು. ನಾಚಿಕೆಯಾಗಲಿಲ್ಲವೇ ಅಂದರೆ, ಆಯಿತು. ಆದರೆ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತ ಮೇಲೆ ಅದು ಉಳಿಯುತ್ತಿರಲಿಲ್ಲ. ಒಂದೂವರೆ ವರ್ಷ ಹೀಗೆ ನಡೆಯಿತು.

ಒಂದು ಸಲ ಹೊಸ ಆವೃತ್ತಿ ಹಾಕುವಾಗ ಹಿರೇಕೆರೂರಿನಲ್ಲಿ ಅವಸರ ಮಾಡಿದೆ. ಅಕ್ಕನ ಮನೆಯ ಕಡೆಗೆ ಬಸ್ಸು ಹೊರಡುವ ಹೊತ್ತಾಗಿತ್ತು. ಸವಣೂರಿನ ಫೈಲನ್ನು ಹಾಗೆಯೇ ತಂದು ಹಾಕಿದೆ, ಅದರೊಳಗಿನ ನಂಬರು ಬದಲಿಸುವುದನ್ನು ಮರೆತೆ. ಒಂದೇ ನಂಬರಿನ ಎರಡು ಯಂತ್ರಗಳು. ಒಂದು ಹಾನಗಲ್ಲಿಗೆ ಜೋಡಿಸಿಕೊಂಡರೆ ಇನ್ನೊಂದನ್ನು ಹೊರಗೆ ದಬ್ಬುತ್ತದೆ, ಅದು ಮತ್ತೆ ಬಂದು ಇದನ್ನು ದಬ್ಬುತ್ತದೆ. ಹೊರಗಿನಿಂದ ಎರಡೂ ನಡೆಯುತ್ತಿರುವಂತೆ ಕಾಣುತ್ತವೆ, ಒಳಗೆ ನಕಲು ನಿಂತುಹೋಗಿರುತ್ತದೆ.

ಐದು ದಿನ ನನಗೆ ಗೊತ್ತಾಗಲಿಲ್ಲ. ಐದನೆಯ ದಿನ ಹಾನಗಲ್ಲಿನ ಮುಖ್ಯ ಯಂತ್ರವನ್ನು ರಿಪೇರಿಗೆಂದು ನಾನೇ ಬಂದ್ ಮಾಡಿ ಬಿಚ್ಚಿಸಿದ್ದೆ. ಶಾಖೆಗಳಲ್ಲಿ ನಕಲು ಇದೆಯಲ್ಲ ಎಂಬ ಧೈರ್ಯ. ಅದೇ ದಿನ ಸವಣೂರಿಗೆ ವಾರಕ್ಕೊಮ್ಮೆ ಬರುವ ಸರ್ಜನ್ ಬಂದಿದ್ದರು. ಹತ್ತಿಮತ್ತೂರಿನ ಒಬ್ಬ ಮುದುಕಿಯ ಎರಡೂ ಕಣ್ಣಿಗೆ ಪೊರೆ ಬಂದಿತ್ತು, ಮೊದಲನೆಯದನ್ನು ಅವತ್ತು ತೆಗೆಯಬೇಕಿತ್ತು. ಮೂರು ದಿನ ಹಿಂದೆ ಹಾನಗಲ್ಲಿನಲ್ಲಿ ಕಣ್ಣಿನ ಅಳತೆ ತೆಗೆದಿದ್ದರು. ಆ ಅಳತೆ ಸವಣೂರಿನ ನಕಲಿಗೆ ಇಳಿದೇ ಇರಲಿಲ್ಲ. ಅಳತೆ ಇಲ್ಲದೆ ಲೆನ್ಸ್ ಹಾಕುವಂತಿಲ್ಲ. ಫೋನ್ ಬಂದ ಕೂಡಲೇ ಬಸ್ಸು ಹತ್ತಿದೆ, ತಲುಪುವಷ್ಟರಲ್ಲಿ ಸರ್ಜನ್ ಹೊರಟುಹೋಗಿದ್ದರು.

ಮುದುಕಿ ಬೆಂಚಿನ ಮೇಲೆ ಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಮಗಳು ಔಷಧಿ ತರಲು ಹೋಗಿದ್ದಳು. ನಾನು ಹತ್ತಿರ ಕೂತು, ‘ಮುಂದಿನ ವಾರ ಖರೆ ಆಗ್ತೈತ್ರಿ, ಅಮ್ಮ’ ಅಂದೆ.

‘ಆಗ್ತೈತವ್ವ. ನಾಡಿದ್ದ ಮಗಳು ಗಂಡನ ಮನಿಗೆ ಹೊಕ್ಕಾಳ. ನಾಳೆ ಕಣ್ಣಿನ ಪಟ್ಟಿ ಬಿಚ್ಚಿದ ಕೂಡಲೇ ಆಕಿ ಮಾರಿ ನೆಟ್ಟಗ ನೋಡಬೇಕಂತ ಮಾಡಿದ್ದೆ. ಎರಡು ವರ್ಷಾತು, ಮಬ್ಬ ಮಬ್ಬ ಕಾಣತಾಳ. ಇನ್ನ ಪಂಚಮಿಗೇ ಬರ್ತಾಳ ನೋಡು.’

ಪಂಚಮಿ ಹೆಣ್ಣುಮಕ್ಕಳು ತವರಿಗೆ ಬರುವ ಹಬ್ಬ. ನಮ್ಮ ಮನೆಗೆ ಆರು ವರ್ಷದಿಂದ ಪಂಚಮಿಗೆ ಯಾರೂ ಬಂದಿಲ್ಲ. ‘ತಪ್ಪು ನಂದರಿ, ನನ್ನಿಂದ ಆತು’ ಅಂದೆ. ಅವಳು ನನ್ನ ಕೈ ತಡವಿ ಹಿಡಿದು, ‘ನೀ ಏನ್ ಮಾಡ್ತಿ ಬಿಡವ್ವ, ಮಷೀನ್ ಕೆಟ್ರ’ ಅಂದಳು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಒಬ್ಬಳು ತಂಗಿ ತನ್ನ ಅಕ್ಕನನ್ನು ನೋಡಲು ಹೂಡಿದ ಆಟದಲ್ಲಿ ಒಬ್ಬಳು ತಾಯಿಗೆ ಮಗಳ ಮುಖ ತಪ್ಪಿತು ಎಂದು ಹೇಗೆ ಬಿಡಿಸಿ ಹೇಳಲಿ?

ಮರುದಿನ ಡಾಕ್ಟರಿಗೆ ಎಲ್ಲ ಹೇಳಿದೆ, ಹಂಸಭಾವಿಯನ್ನೂ ಸೇರಿಸಿ. ಅವರು ಬಹಳ ಹೊತ್ತು ಕನ್ನಡಕ ಒರೆಸಿಕೊಂಡರು. ‘ರಜಾ ಕೇಳಿದ್ರ ಕೊಡ್ತಿದ್ದೆನಲ್ಲರಿ’ ಅಂದರು. ರಜೆ ನನ್ನ ಹತ್ತಿರ ಬೇಕಾದಷ್ಟಿತ್ತು. ಅದನ್ನು ಹಿಡಿದುಕೊಂಡು ಹೋಗಲು ದಾರಿಯಿರಲಿಲ್ಲ, ಅಷ್ಟೆ. ಕೂತಲ್ಲಿಯೇ ಹಿರೇಕೆರೂರಿನ ಮುಂದಿನ ಹ್ಯಾಶ್ ಅಳಿಸಿ ಟೂಲು ಓಡಿಸಿದೆ. ಊಟ ಮುಗಿಸಿ ಬರುವಷ್ಟರಲ್ಲಿ ನನ್ನ ಎರಡು ದಿನದ ಕೆಲಸ ಮುಗಿದಿತ್ತು. ಎಲ್ಲೂ ತಪ್ಪಿಲ್ಲ. ಸ್ಟೋರ್ ರೂಮಿಗೆ ಹೋಗಿ ಅತ್ತೆ.

ಈಗ ಎಂಟು ತಿಂಗಳಾಯಿತು. ಮೂರೂ ಊರಿನ ನಕಲುಗಳು ನೆಟ್ಟಗೆ ನಡೆಯುತ್ತಿವೆ. ಬಸ್‌ಸ್ಟ್ಯಾಂಡ್ ದಾಟುವಾಗ ಹಿರೇಕೆರೂರಿನ ಬೋರ್ಡು ಕಂಡರೆ ಬೇಕೆಂದೇ ನಿಧಾನ ಮಾಡುತ್ತೇನೆ. ಡ್ರೈವರ್ ಹತ್ತಿ, ಬಸ್ಸು ತಿರುಗುವವರೆಗೂ ನಿಂತು, ಆಮೇಲೆ ಆಸ್ಪತ್ರೆಗೆ ಹೋಗುತ್ತೇನೆ.

ಮೊನ್ನೆ ಭಾನುವಾರ ಅಕ್ಕ ಫೋನ್ ಮಾಡಿದ್ದಳು. ಅದೂ ಇದೂ ಮಾತಾಡಿ ಕೊನೆಗೆ, ‘ಈ ಕಡೆ ಕೆಲಸ ಯಾವಾಗ ಬರ್ತೈತಿ?’ ಅಂದಳು.

‘ಇನ್ನ ಬರೂದಿಲ್ಲ ಅಕ್ಕ. ಎಲ್ಲಾ ಇಲ್ಲೇ ಕುಂತು ಮಾಡಾಕತ್ತೇನಿ.’

‘ಒಮ್ಮಿನೂ ಕೆಡೂದಿಲ್ಲೇನು ಅದು?’

‘ಕೆಟ್ರೂ ಇಲ್ಲಿಂದ ಸರಿಮಾಡಾಕ ಬರ್ತೈತಿ.’

ಅವಳ ಹಿಂದೆ ಯಾರೋ ಬಕೆಟ್ ಎಳೆಯುವ ಸದ್ದು ಕೇಳಿತು.

‘ಹಂಗಾದ್ರ ನಿನಗ ತಿರುಗಾಟ ತಪ್ಪಿತು. ಛಲೋ ಆತು.’

ಏನು ಛಲೋ ಆಯಿತು, ನನಗೆ ನಿನ್ನನ್ನು ನೋಡಬೇಕು ಎಂದು ಕೂಗಬೇಕು ಅನ್ನಿಸಿತು. ಪಕ್ಕದ ಕುರ್ಚಿಯಲ್ಲಿ ಅಪ್ಪ ಪೇಪರ್ ಹಿಡಿದು ಕೂತಿದ್ದ. ಬಹಳ ಹೊತ್ತಿನಿಂದ ಒಂದು ಪುಟವನ್ನೂ ತಿರುಗಿಸಿರಲಿಲ್ಲ.

‘ಹೌದಕ್ಕ, ಛಲೋ ಆತು’ ಅಂದೆ.