ಪ್ರಾರ್ಥನೆಯಲ್ಲಿ ಹೇಳಿದ ಹೆಸರು

ಅಂದು ನನ್ನ ಬಾಯಿ ತಪ್ಪಿರಲಿಲ್ಲ. ಖಾತೂನ್‌ಬಿಯ ಹೆಸರನ್ನು ಬೇಕೆಂದೇ ಹೇಳಿದೆ — ಪ್ರಾರ್ಥನೆಯಲ್ಲಿ, ಕಣ್ಣು ಮುಚ್ಚಿಕೊಂಡು, ನಮ್ಮ ಕ್ರೈಸ್ತರ ಓಣಿಯ ಅಷ್ಟೂ ಜನ ಕೇಳುವಂತೆ. ಇಷ್ಟು ವರ್ಷ ಅದನ್ನು ಬಾಯಿತಪ್ಪು ಎಂದೇ ನಂಬಿಸಿಕೊಂಡು ಬಂದಿದ್ದೇನೆ. ನನ್ನ ತಂಗಿ ಸುಶೀಲಾ ಇವತ್ತಿಗೂ ಹಾಗೆಂದೇ ನಂಬಿದ್ದಾಳೆ.

ಪೊಲೀಸ್ ಆ್ಯಕ್ಷನ್ ಆದ ವರ್ಷದ ಮಾತಿದು. ನಿಜಾಮನ ಆಳ್ವಿಕೆ ಮುಗಿದು ಶಹಾಪುರದ ಕಚೇರಿಯ ಮೇಲೆ ಹೊಸ ಬಾವುಟ ಹಾರಿತ್ತು. ಅದಕ್ಕೆ ಮುಂಚೆ ನಿಜಾಮನ ಕಡೆಯ ರಜಾಕಾರರಿಗೆ ಅಂಜಿ ಕೆಲವರು ಬಾಗಿಲು ಹಾಕಿಕೊಂಡಿದ್ದರು. ಅದಾದ ಮೇಲೆ ಹಾಕಿಕೊಂಡವರು ಬೇರೆಯವರು, ಸೇಡಿಗೆ ಅಂಜಿದ ಮುಸಲ್ಮಾನರು. ನಾನು ಎರಡೂ ಸಲ ಹಾಕಿಕೊಂಡಿದ್ದೆ. ನನ್ನ ಸ್ವಭಾವವೇ ಅದು — ಬೀದಿಯಲ್ಲಿ ಯಾರಾದರೂ ಓಡಿದರೆ, ಯಾಕೆಂದು ಕೇಳುವ ಮೊದಲೇ ಚಪ್ಪಲಿ ಹುಡುಕುವವನು.

ಸುಶೀಲಾ ಹಾಗಲ್ಲ. ದವಾಖಾನೆಯಲ್ಲಿ ನರ್ಸ್, ಆಗ ನಮ್ಮ ಜೊತೆಗೇ ಇದ್ದಳು. ಒಂದು ಸಂಜೆ ಶಿರವಾಳದ ಕಡೆಯ ಖಾತೂನ್‌ಬಿಯನ್ನೂ ಆಕೆಯ ಮಗಳನ್ನೂ ಮನೆಗೆ ಕರೆತಂದಳು. ಕೌದಿ ಹೊಲಿದು ಬದುಕುವ ಹೆಂಗಸು. ಗಂಡ ಆ ಗದ್ದಲದಲ್ಲಿ ಎಲ್ಲಿ ಹೋದನೋ — ಅವನನ್ನು ಹುಡುಕುತ್ತಿದ್ದವರು ಇವರನ್ನೂ ಬಿಡುವಂತಿರಲಿಲ್ಲ. ಸುಶೀಲಾ ಆಕೆಗೆ ತನ್ನ ಸೀರೆ ಉಡಿಸಿ, "ನಮ್ಮ ವೈನಿ ಕಡಿ ಮಾರ್ತಮ್ಮ, ಗುರುಮಠಕಲ್‌ನಾಕಿ" ಎಂದು, ನನ್ನ ಹೆಂಡತಿಯ ಬಳಗದವಳೆಂಬಂತೆ, ಓಣಿಗೆಲ್ಲ ಹೇಳಿಬಿಟ್ಟಳು.

"ಯಾರಿಗರೆ ಗೊತ್ತಾದ್ರ ನಮ್ಮ ಗತಿ ಏನವ್ವ?" ಎಂದೆ.

"ಅಣ್ಣಾ, ಬೆಕ್ಕು ಜಿಗದ್ರೂ ನಿನಗ ಫೌಜು ಬಂದಂಗ ಕಾಣ್ತದ. ಸುಮ್ಮ ಉಣ್ಣು."

ಉಂಡೆ. ಆದರೆ ನಡುನಡುವೆ ಬಾಗಿಲ ಚಿಲಕ ನೋಡಲು ಎದ್ದೆದ್ದು ಹೋಗುತ್ತಿದ್ದೆ.

ಅಷ್ಟರಲ್ಲಿ ಆಗಮನದ ದಿನಗಳು ಬಂದವು — ಕ್ರಿಸ್ಮಸ್ಸಿಗೆ ಮುಂಚಿನ ನಾಲ್ಕು ವಾರ, ಬರುವ ಕರ್ತನಿಗಾಗಿ ಮನೆಯನ್ನೂ ಮನಸ್ಸನ್ನೂ ಸಿದ್ಧ ಮಾಡುವ ಕಾಲ. ಗೋಡೆಗೆ ಸುಣ್ಣ ಬಳಿಯುವುದು, ಮಾತು ಬಿಟ್ಟವರನ್ನು ಮಾತಾಡಿಸುವುದು, ಸಂಜೆಗೊಂದು ಮನೆಯಲ್ಲಿ ಓಣಿಯವರೆಲ್ಲ ಕೂಡಿ ಪ್ರಾರ್ಥಿಸುವುದು. ಅದರಲ್ಲಿ ನಮ್ಮದೊಂದು ಪದ್ಧತಿ: ಕೊನೆಗೆ ಆ ಮನೆಯ ಯಜಮಾನ ತನ್ನ ಸೂರಿನಡಿ ಮಲಗುವ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ದೇವರಿಗೆ ಒಪ್ಪಿಸಬೇಕು. ತೊಟ್ಟಿಲ ಕೂಸಿನಿಂದ ಬಂದ ಬೀಗರ ತನಕ, ಯಾರನ್ನೂ ಬಿಡುವಂತಿಲ್ಲ.

ನಮ್ಮ ಮನೆಯ ಸರದಿ ಬಂತು.

ನಾನು ಶಾಲೆಯ ಮಾಸ್ತರ. ನನ್ನ ಪ್ರಾರ್ಥನೆ ಕೇಳಿದವರು "ಆತ್ಮ ತುಂಬಿ ಹರೀತದ" ಎನ್ನುತ್ತಿದ್ದರು. ನಿಜ ಹೇಳಲೆ? ಮಕ್ಕಳಿಗೆ ಮಗ್ಗಿ ಬರೆಯಲು ಹಚ್ಚಿ, ಕಿಟಕಿಗೆ ಮುಖ ಮಾಡಿ ನಿಂತು, ಎಲ್ಲವನ್ನೂ ಮಧ್ಯಾಹ್ನವೇ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ — ಎಲ್ಲಿ ನಿಟ್ಟುಸಿರು, ಎಲ್ಲಿ ಗಂಟಲು ಕಟ್ಟಬೇಕು, ಎಲ್ಲ. ಆ ದಿನವೂ ಮಾಡಿದೆ. ಹೆಸರುಗಳ ಸಾಲಿಗೆ ಬಂದಾಗ ತಡೆದೆ. ಮಾರ್ತಮ್ಮ ಎಂದು ಹೇಳಿ ನೋಡಿದೆ. ಆಮೇಲೆ ಖಾತೂನ್‌ಬಿ ಎಂದು. ಹಾಗೆಂದ ಕೂಡಲೇ ದಾರಿ ಹೊಳೆಯಿತು. ಹೇಳಿಬಿಟ್ಟರೆ ಆಕೆ ತಾನಾಗಿ ಹೋಗುತ್ತಾಳೆ. ನಾನು ಹೋಗು ಎಂದಂತಾಗುವುದಿಲ್ಲ, ಯಾರಿಗೂ ಚಾಡಿ ಹೇಳಿದಂತೆಯೂ ಆಗುವುದಿಲ್ಲ. ದೇವರಿಗೆ ಹೇಳಿದ್ದು, ಅಷ್ಟೇ — ಇಂಥ ಜಾಣತನವನ್ನು ನಾನು ಆಗ ಭಕ್ತಿಯೆಂದೇ ತಿಳಿದಿದ್ದೆನೋ ಏನೋ...

ಸಂಜೆ ಹೇಳಿದೆ. ಹೆಂಡತಿ, ಮಕ್ಕಳು, ಸುಶೀಲಾ — ನಂತರ, "ನಮ್ಮ ಆಶ್ರಯಕ್ಕೆ ಬಂದಿರುವ ಖಾತೂನ್‌ಬಿಯನ್ನೂ ಆಕೆಯ ಮಗಳನ್ನೂ ಕಾಪಾಡು, ಕರ್ತನೇ." ಕಾಪಾಡು ಎಂದೆ!

ಆಮೆನ್ ಬರುವುದು ತಡವಾಯಿತು. ನಾನು ಕಣ್ಣು ತೆರೆದಾಗ ಉಳಿದವರ ಕಣ್ಣು ಆಗಲೇ ತೆರೆದಿದ್ದವು. ಸಭೆಯ ಹಿರಿಯರೊಬ್ಬರು ನನ್ನ ಕೈ ಹಿಡಿದು, "ದೇವರ ಮುಂದ ಸುಳ್ಳಾಡ್ಲಿಕ್ಕ ಮಾಸ್ತರ ನಾಲಿಗಿ ಒಪ್ಪಲಿಲ್ಲ ನೋಡ್ರಿ" ಎಂದರು. ತಲೆ ತಗ್ಗಿಸಿದೆ, ಅದು ವಿನಯವಾಗಿ ಕಂಡಿತು. ಹೊರಗೆ ಯಾವಳೋ ಚಪ್ಪಲಿ ಮೆಟ್ಟುತ್ತ, "ಮಾರ್ತಮ್ಮ ಅಲ್ಲೇನ ಹಂಗಾರ? ಆಕಿ ಸೆರಗು ಹೊದಿಯೋದು ನೋಡೇ ನನಗ ಅನುಮಾನ ಬಂದಿತ್ತವ್ವ" ಎಂದದ್ದು ಬೀದಿಗೆಲ್ಲ ಕೇಳಿಸಿತು. ಬೆಳಗಾದರೆ ಸಂತೆ.

ಸುಶೀಲಾ ಬಿಳಿಚಿಕೊಂಡಿದ್ದಳು. ಸಿಟ್ಟು ಮಾತ್ರ ಮಾಡಲಿಲ್ಲ. "ರೂಢಿ ಮ್ಯಾಲ ಬಾಯಿಗಿ ಬಂದುಬಿಟ್ಟದ. ಅಳಬ್ಯಾಡ, ಅಣ್ಣಾ." ಹೌದು, ಅಳುತ್ತಿದ್ದೆ. ಅದೊಂದನ್ನು ಬಾಯಿಪಾಠ ಮಾಡಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ಖಾತೂನ್‌ಬಿ ನಿಂತಿದ್ದಳು. ಸುಶೀಲಾ ಜನರನ್ನು ಕಳಿಸಲು ಹೊರಗೆ ಹೋದಾಗ, ಮೆಲ್ಲಗೆ ಕೇಳಿದಳು:

"ಮಾಸ್ತರ, ನನ್ನ ಹೆಸರು ದೇವ್ರಿಗಿ ಮೊದಲೇ ಗೊತ್ತಿತ್ತಲ್ರಿ. ನೀವು ಯಾರಿಗಿ ಹೇಳಿದ್ರಿ?"

ನಾನು ಲೋಟ ಎತ್ತಿಕೊಂಡು ನೀರು ಕುಡಿದೆ.

ಬೆಳಿಗ್ಗೆ ತಾಯಿ ಮಗಳು ಇರಲಿಲ್ಲ. ಸುಶೀಲಾ ಯಾದಗಿರಿ ಸ್ಟೇಷನ್ನಿನ ತನಕ ಹುಡುಕಿ ಬಂದಳು. ಹೈದರಾಬಾದಿನ ಗಾಡಿ ಹತ್ತಿದರು ಎಂದು ಒಬ್ಬ. ಅಂಥವರು ಯಾರೂ ಬರಲೇ ಇಲ್ಲ ಎಂದು ಇನ್ನೊಬ್ಬ. ಬದುಕಿದ್ದಾರೋ, ದಾರಿಯಲ್ಲೇ ಯಾರ ಕೈಗಾದರೂ — ಈ ವಾಕ್ಯವನ್ನು ನಾನು ಯಾವತ್ತೂ ಮುಗಿಸಿಲ್ಲ.

ಮೊನ್ನೆ ನಮ್ಮ ಕಡೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿದರು. ಶಾಲೆಯಲ್ಲಿ ಪೇಡೆ ಹಂಚಿ, ಎಲ್ಲರೂ ಒಂದಾದೆವು ಎಂದು ಭಾಷಣ ಬಿಗಿದವನು ನಾನೇ. ಅದನ್ನು ಕೇಳಲು ಸುಶೀಲಾ ಸುರಪುರದಿಂದ ಬಂದಿದ್ದಳು. ಈಗ ಅಲ್ಲಿನ ದವಾಖಾನೆಯಲ್ಲಿದ್ದಾಳೆ. ಹೊರಡುವಾಗ ಹೇಳಿದಳು: "ಆಗಮನದ ಮೊದಲ ಪ್ರಾರ್ಥನಿ ಈ ಸಲ ನನ್ನ ಮನ್ಯಾಗ. ನೀನೇ ಬಂದು ಮಾಡಬೇಕು. ಖಾತೂನ್‌ಬಿ ಹೆಸರೂ ತಗೋ ಅಣ್ಣಾ. ನಾ ಪ್ರತಿ ವರ್ಷಾ ತಗೋತೀನಿ."

ಹೂಂ ಎಂದೆ. ಆವತ್ತಿನಿಂದ ನಿದ್ದೆಯಿಲ್ಲ.

ಹೋಗುತ್ತೇನೆ. ಜನ ಕೂಡುವ ಮುಂಚೆಯೇ ಹೋಗುತ್ತೇನೆ. ಪ್ರಾರ್ಥನೆಯಲ್ಲಿ ಹೇಳುವುದಿಲ್ಲ — ಅಲ್ಲಿ ಏನು ಹೇಳಿದರೂ ಆಮೆನ್ ಅಂದುಬಿಡುತ್ತಾರೆ. ಅಂದು ಬಾಯಿ ತಪ್ಪಿರಲಿಲ್ಲ ಎಂದು ತಂಗಿಯ ಮುಖ ನೋಡಿಯೇ ಹೇಳಬೇಕು. ಕೇಳಿದ ಮೇಲೆ ಆಕೆ ಕೂಡ್ರು ಅಂದರೆ ಕೂಡ್ರುವೆ. ಹೊರಗೆ ನಡಿ ಅಂದರೆ — ಸುರಪುರದಿಂದ ಆ ಹೊತ್ತಿಗೆ ಹಿಂದಿರುಗುವ ಬಸ್ಸು ಇದೆಯೋ ಇಲ್ಲವೋ ಎಂಬ ಚಿಂತೆ ಈಗಲೇ ಹತ್ತಿಕೊಂಡಿದೆ. ಈ ಸಲ ಚಪ್ಪಲಿ ಮೊದಲೇ ಹುಡುಕಿಟ್ಟುಕೊಳ್ಳದೆ, ಅದನ್ನು ಯಾರ ಬಳಿಯೂ ವಿಚಾರಿಸಬಾರದು ಎಂದುಕೊಂಡಿದ್ದೇನೆ.