ಅಡುಗೆಮನೆಯಲ್ಲಿದ್ದ ಔಷಧಗಳು

ಮಂಗಳವಾರ, ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷ. ಸ್ಥಳ, ಲಂಡನ್ನಿನ ಹೌನ್ಸ್ಲೋದ ನಮ್ಮ ಫ್ಲ್ಯಾಟು. ಹಾಜರಿದ್ದವರು ನಾನು, ನನ್ನ ಕಾಲರಿನ ಗುಂಡಿ ಹಾಕುತ್ತಿದ್ದ ಹೆಂಡತಿ ಸುಶೀಲಾ ಮತ್ತು ಒಲೆಯ ಮೇಲೆ ಕುದಿಯುತ್ತಿದ್ದ ಚೀನೀ ಕಷಾಯ. ವಾಸನೆ ಲಿಫ್ಟಿನವರೆಗೂ ಹೋಗುವುದರಿಂದ ಅದರ ಹಾಜರಿಯನ್ನೂ ಹಾಕಲೇಬೇಕು.

ಧಾರವಾಡದಲ್ಲಿ ವ್ಯಾಯಾಮ ಶಿಕ್ಷಕನಾಗಿದ್ದಾಗ, ಅಂಗಿಯ ಗುಂಡಿ ಹಾಕದ ಹುಡುಗನನ್ನು ನಾನು ಮೈದಾನಕ್ಕೆ ಬಿಟ್ಟವನಲ್ಲ. ಈಗ ಸಂಧಿವಾತ ನನ್ನ ಬೆರಳುಗಳನ್ನು ಹಿಡಿದುಕೊಂಡು ಆ ಹುಡುಗರೆಲ್ಲರ ಪರವಾಗಿ ಸೇಡು ತೀರಿಸಿಕೊಳ್ಳುತ್ತಿದೆ. ಆಸ್ಪತ್ರೆಯ ಹೊಸ ಮಾತ್ರೆ ಶುರುವಾದ ವಾರವೇ ಚೀನೀ ಮೂಲಿಕೆ ಅಂಗಡಿಗೂ ಹೋಗಿದ್ದೆ. ಅಲ್ಲಿನ ಹಿರಿಯರು ನಾಲಿಗೆ ನೋಡಿ, ಎರಡೂ ಕೈಯ ನಾಡಿ ಹಿಡಿದು, ಬೇರು ತೊಗಟೆಗಳ ಪೊಟ್ಟಣ ಕೊಟ್ಟರು. ಈ ಬೇನೆಗೆ ಅವರೂ ನಮ್ಮವರೂ ಗಾಳಿಯನ್ನೇ ದೂರುತ್ತಾರೆ. ಅವರಿಗೆ ಗಾಳಿ ಮತ್ತು ತೇವ, ನಮಗೆ ವಾತ. ಲಂಡನ್ನಿನಲ್ಲಿ ಎರಡೂ ಬಿಟ್ಟಿ.

ಎರಡು ತಿಂಗಳಲ್ಲಿ ಕಾಲರಿನದೊಂದನ್ನು ಬಿಟ್ಟು ಉಳಿದ ಗುಂಡಿಗಳು ನನ್ನ ಕೈಗೆ ಮರಳಿದವು. ಶ್ರೇಯಸ್ಸನ್ನೆಲ್ಲ ಕಷಾಯಕ್ಕೇ ಕೊಟ್ಟೆ. ಅಷ್ಟು ಕಹಿಯಾದದ್ದು ಕೆಲಸ ಮಾಡದೆ ಇರುತ್ತದೆಯೇ?

ಹತ್ತು ಗಂಟೆಗೆ ಸುಶೀಲಾಳೊಡನೆ ಆಸ್ಪತ್ರೆ. ಬೇರೆ ಔಷಧವೇನಾದರೂ ಉಂಟೇ ಎಂದು ನರ್ಸ್ ಕೇಳಿದಳು. ಇಲ್ಲವೆಂದೆ. ಸುಳ್ಳಲ್ಲ, ನಮ್ಮಲ್ಲಿ ಔಷಧವೆಂದರೆ ಮಾತ್ರೆ, ಸೂಜಿ; ಕಷಾಯ ಅಡುಗೆಮನೆಗೆ ಸೇರಿದ್ದು. ಅವಳು ರಕ್ತಪರೀಕ್ಷೆ ನೋಡಿ ಹೇಳಿದಳು: ಲಿವರ್ ಮುನಿಸಿಕೊಂಡಿದೆ, ಹೀಗೇ ಆದರೆ ಮಾತ್ರೆ ನಿಲ್ಲಿಸಬೇಕಾದೀತು. ನನ್ನ ಗುಂಡಿಗಳೆಲ್ಲ ಒಂದೊಂದಾಗಿ ಬಿಚ್ಚಿಕೊಂಡಂತಾಯಿತು.

"ರೀ, ಆ ಕಷಾಯದ್ದು ಹೇಳ್ರಿ," ಎಂದಳು ಸುಶೀಲಾ.

"ಅದೇನ್ ಔಷಧ ಅಲ್ಲ ಬಿಡು."

"ಮತ್ತ ಮೂಗು ಹಿಡಕೊಂಡು ಯಾಕ ಕುಡೀತೀರಿ? ರುಚಿಗೇನು?"

ಕಷಾಯದ ಹಿಂದೆ ತಂಗಿ ಕಳಿಸಿದ ಅಶ್ವಗಂಧ, ಅದರ ಹಿಂದೆ ಮೆಂತ್ಯದ ಪುಡಿ, ರಾತ್ರಿಯ ಅರಿಶಿಣದ ಹಾಲು, ಎಲ್ಲ ಸಾಲಾಗಿ ಹೊರಬಂದವು. ಫಾರ್ಮಿನಲ್ಲಿ ಜಾಗ ಸಾಲದೆ ನರ್ಸ್ ಅಂಚಿನಲ್ಲಿ ಬರೆದುಕೊಂಡಳು. ಬೈಯದೆ ವಿವರಿಸಿದಳು: ಕೆಲವು ಬೇರು ಬಾವು ಇಳಿಸಬಹುದು, ಕೆಲವು ಲಿವರಿಗೆ ಕಷ್ಟ ಕೊಡಬಹುದು. ಎಲ್ಲ ಒಟ್ಟಿಗೆ ನುಂಗಿದರೆ ಉಪಕಾರ ಯಾರದು, ಉಪದ್ರವ ಯಾರದು ಎಂದು ತಿಳಿಯುವುದು ಹೇಗೆ? ಸದ್ಯಕ್ಕೆ ಮೂಲಿಕೆ ಬಂದ್, ಪೊಟ್ಟಣ ತಂದು ತೋರಿಸಬೇಕು, ದಿನವೂ ಏನೇನು, ಯಾವ ಹೊತ್ತಿಗೆ ಎಂದು ಬರೆದಿಡಬೇಕು, ಎರಡು ವಾರಕ್ಕೆ ಮತ್ತೆ ರಕ್ತಪರೀಕ್ಷೆ, ಮಾತ್ರೆಯ ತೀರ್ಮಾನ ಆಮೇಲೆ. ಸಾರಿನ ಅರಿಶಿಣಕ್ಕೆ ಮಾತ್ರ ಮಾಫಿ ಸಿಕ್ಕಿತು.

ಮನೆಗೆ ಬಂದು ಕಷಾಯವನ್ನು ಕಿಟಕಿಯ ಕುಂಡಕ್ಕೆ ಬಗ್ಗಿಸಹೊರಟೆ.

"ಪುದೀನಾಕ್ಕ ಹಾಕಬ್ಯಾಡ್ರಿ. ಅದಕ್ಕೇನೂ ಆಗಿಲ್ಲ."

ಸಿಂಕಿಗೆ ಸುರಿದೆ. ನಾಲ್ಕು ಗಂಟೆಗೆ, ನರ್ಸ್ ಹೇಳಿದಂತೆ, ದಿನವೂ ನನಗೆ ಆಧಾರವಾಗಿರುವುದನ್ನೆಲ್ಲ ಒಂದನ್ನೂ ಮುಚ್ಚಿಡದೆ ಹಾಳೆಯಲ್ಲಿ ಬರೆಯಲು ಕುಳಿತೆ. ಕೊನೆಗೆ ಪೆನ್ನು ಸ್ವಲ್ಪ ತಡೆಯಿತು. ಆಮೇಲೆ ಬರೆದೆ: "ಏಳೂ ಹತ್ತು. ಕಾಲರ್ ಗುಂಡಿ. ಸುಶೀಲಾ."

ಅವಳು ಕನ್ನಡಕ ಹಾಕಿಕೊಂಡು ಓದಿದಳು. "ಇದು ತಿಂಡಿಗಿಂತ ಮೊದಲೋ, ಆಮೇಲೋ?"

"ಮೊದಲು" ಎಂದು ಸೇರಿಸಿ, ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ.