ಅಡಿಗೊಂದು ನೂಲು

ಮೊನ್ನೆ ಅಟ್ಟದಿಂದ ತೊಟ್ಟಿಲು ಇಳಿಸಿದಾಗ ಮೊದಲು ಬಂದದ್ದು ಅರಗಿನ ವಾಸನೆ. ಮರಕ್ಕೆ ಬಳಿದ ಅರಗು ಇಷ್ಟು ವರ್ಷ ವಾಸನೆ ಉಳಿಸಿಕೊಂಡಿರುತ್ತದೆಯೋ, ನನ್ನ ಮೂಗೇ ಅದನ್ನು ಎಲ್ಲೋ ಬಚ್ಚಿಟ್ಟುಕೊಂಡಿತ್ತೋ, ಹೇಳಲಾರೆ. ಮೊಮ್ಮಗಳು ಹೆರಿಗೆಗೆಂದು ಬಂದಿದ್ದಾಳೆ. ಅವಳಿಗೆ ಈ ಹಳೆಯ ತೊಟ್ಟಿಲೇ ಬೇಕಂತೆ. ಧೂಳು ಒರೆಸಿ ನೋಡಿದರೆ ತೊಟ್ಟಿಲಿನ ಅಡಿಯಲ್ಲಿ ಈ ತುದಿಯಿಂದ ಆ ತುದಿಗೆ ಹಾಯ್ದಿರುವ ಕಬ್ಬಿಣದ ಸಲಾಕೆ, ಹಿಂದೊಮ್ಮೆ ಬೆಸುಗೆ ಹಾಕಿದ್ದ ಜಾಗದಲ್ಲೇ ಬಿಟ್ಟುಕೊಂಡಿತ್ತು. ಶಿವಮೊಗ್ಗದ ವಿದ್ಯಾನಗರದ ನಮ್ಮ ಬೀದಿಯ ಕೊನೆಯಲ್ಲಿರುವ ಬಡಗಿಯನ್ನು ಕರೆಸಿದೆ.

ಅವನು ಎರಡು ಸಲ ಅಳೆದ. ಕಿವಿಯ ಮೇಲಿನ ಪೆನ್ಸಿಲು ತೆಗೆದು ಏನೋ ಲೆಕ್ಕ ಹಾಕಿದ. ಆಮೇಲೆ ನಕ್ಕ.

"ಅಜ್ಜಿ, ಇದನ್ನ ಮಾಡ್ದೋರು ಅಳತೆ ತಪ್ಪಿದಾರೆ ನೋಡಿ. ಮೂರಡಿಗೆ ಮೂರು ನೂಲು ಜಾಸ್ತಿ ಐತೆ. ಹಲಗೆ ಕೊಯ್ದು ಸರಿ ಮಾಡ್ಲಾ, ಇಲ್ಲ ಸಲಾಕೆನೇ ಉದ್ದ ಮಾಡಿಸ್ಲಾ?"

"ಕಾಫಿ ಕುಡಿಯಪ್ಪ, ಹೇಳ್ತೀನಿ" ಎಂದು ಅವನನ್ನು ಹೊರಗೆ ಕೂರಿಸಿ ಒಳಗೆ ಬಂದೆ. ಒಲೆಯ ಮೇಲೆ ಹಾಲು ಉಕ್ಕಿ ಹೋಯಿತು. ನಾನು ನೋಡುತ್ತಲೇ ನಿಂತಿದ್ದೆ...

ಒಂದು ಇಂಚನ್ನು ಎಂಟು ಪಾಲು ಮಾಡಿದರೆ ಅದರಲ್ಲೊಂದು ಪಾಲಿಗೆ ಬಡಗಿಗಳು ನೂಲು ಅನ್ನುತ್ತಾರೆ. ನನಗೆ ಆ ಮಾತು ಕಲಿಸಿದವರು ಭದ್ರಾವತಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಆಚಾರ್ರು. ಎರಡನೇ ಮಹಾಯುದ್ಧದ ಕಾಲ. ನಾನು ಮದುವೆಯಾಗಿ ಶಿವಮೊಗ್ಗದಿಂದ ಬಂದು ಇನ್ನೂ ವರ್ಷವಾಗಿರಲಿಲ್ಲ. ನಮ್ಮ ಮನೆಯವರು ಒಂದು ಸಣ್ಣ ಎರಕದ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಊರಿನ ದೊಡ್ಡ ಕಾರ್ಖಾನೆಯ ನೆರಳಿನಲ್ಲಿ ಅಂಥ ತಗಡಿನ ಶೆಡ್ಡುಗಳು ಆಗ ಬೇಕಾದಷ್ಟಿದ್ದವು. ಆಚಾರ್ರೂ ಅಲ್ಲೇ ಕೆಲಸಕ್ಕಿದ್ದರು. ಹೊಳೆಯ ಹತ್ತಿರದ ಸಾಲುಮನೆಗಳಲ್ಲಿ ಅವರದೂ ನಮ್ಮದೂ ಒಂದೇ ಗೋಡೆ, ಒಂದೇ ಹಿತ್ತಲು. ಅವರ ಹೆಂಡತಿಯನ್ನು ನಾನು ಅಕ್ಕ ಎಂದು ಕರೆಯುತ್ತಿದ್ದೆ. ಅವರಿಗೆ ಮಕ್ಕಳಿರಲಿಲ್ಲ.

ಆಚಾರ್ರ ಕೆಲಸ ಅಚ್ಚು ಮಾಡುವುದು. ಕಬ್ಬಿಣದಲ್ಲಿ ಒಂದು ಗಾಲಿ ಬೇಕೆಂದರೆ ಅದನ್ನು ಮೊದಲು ಅವರು ಮರದಲ್ಲಿ ಮಾಡಿಕೊಡಬೇಕು. ಆ ಮರದ ಗಾಲಿಯನ್ನು ಮರಳಿನಲ್ಲಿ ಒತ್ತಿ ತೆಗೆದರೆ ಅದೇ ಆಕಾರದ ಗುಂಡಿ ಉಳಿಯುತ್ತದೆ. ಅದಕ್ಕೆ ಕರಗಿದ ಕಬ್ಬಿಣ ಹೊಯ್ಯುತ್ತಾರೆ. ಕಬ್ಬಿಣ ಆರುವಾಗ ಕುಗ್ಗುತ್ತದೆ, ಅಡಿಗೊಂದು ನೂಲಿನಷ್ಟು. ಆದ್ದರಿಂದ ಅಚ್ಚನ್ನು ಅಷ್ಟೇ ದೊಡ್ಡದಾಗಿ ಮಾಡಬೇಕು. ಪ್ರತಿಸಲ ಲೆಕ್ಕ ಹಾಕುವ ತಾಪತ್ರಯ ಬೇಡವೆಂದು ಅವರ ಬಳಿ ಬೇರೆಯೇ ಒಂದು ಅಳತೆಪಟ್ಟಿ ಇತ್ತು. ಅದರ ಮೇಲೆ ಒಂದು ಅಡಿ ಎಂದು ಗೀಟು ಹಾಕಿದ ಕಡೆ ನಿಜವಾಗಿ ಒಂದು ಅಡಿ ಒಂದು ನೂಲು ಇರುತ್ತಿತ್ತು. ಮೊದಲು ಕೇಳಿದಾಗ ನನಗೆ ನಗು ಬಂದಿತ್ತು. ಸುಳ್ಳು ಹೇಳುವ ಪಟ್ಟಿ!

"ಸುಳ್ಳಲ್ಲ ತಂಗಿ. ಮುಂದೆ ಆಗೋದನ್ನ ಮೊದ್ಲೇ ಲೆಕ್ಕಕ್ಕೆ ಹಿಡಿದದೆ ಅಷ್ಟೆ" ಎಂದಿದ್ದರು.

ಕಾರ್ಖಾನೆಯಲ್ಲಿ ಅವರ ಕೈ ತಪ್ಪಿದ್ದನ್ನು ಕಂಡವರಿಲ್ಲ. ಅವರ ಅಚ್ಚಿನಿಂದ ತೆಗೆದ ಎರಕ ಒಂದು ಸಲವೂ ಹಿಂದಕ್ಕೆ ಬಂದಿಲ್ಲ ಎಂದು ನಮ್ಮ ಮನೆಯವರು ಅವರನ್ನು ಹೊಗಳಿದ್ದೇ ಹೊಗಳಿದ್ದು. ಮನೆಗೆ ಬಂದ ಮೇಲೆ ಮಾತ್ರ ಆ ಕೈಗೆ ಏನಾಗುತ್ತಿತ್ತೋ! ಒಮ್ಮೆ ಮೊಳೆ ಹೊಡೆಯುತ್ತ ತಮ್ಮ ಪಂಚೆಯ ಅಂಚನ್ನೂ ಸೇರಿಸಿ ಬೆಂಚಿಗೆ ಹೊಡೆದು, ನಮ್ಮ ಮನೆಯವರು ಕರೆದರೆಂದು ಎದ್ದು ನಿಂತು ಪಜೀತಿಯಾಗಿತ್ತು. ಬಾವಿಗೆ ಬಿದ್ದ ಕೊಡ ತೆಗೆಯಲು ಪಾತಾಳಗರಡಿ ಇಳಿಬಿಟ್ಟರು. ಹಗ್ಗದ ಗಂಟು ಬಿಗಿದಿರಲಿಲ್ಲ. ಕೊಡದ ಜೊತೆಗೆ ಪಾತಾಳಗರಡಿಯೂ ಬಾವಿಯ ತಳ ಸೇರಿತು. ಗೇಟಿಗೆ ಬಣ್ಣ ಬಳಿದು, ಹೇಗೆ ಕಾಣುತ್ತದೆಂದು ದೂರ ನಿಂತು ನೋಡಿ, ಸಮಾಧಾನವಾಗಿ ಬಂದು ಅದಕ್ಕೇ ಒರಗಿಕೊಂಡ ಮನುಷ್ಯ ಅವರು.

ಅಡುಗೆಮನೆಯ ಕಿಟಕಿಗೆ ಬಾಗಿಲು ಮಾಡಿದ್ದು ಇದಕ್ಕೆಲ್ಲ ಕಳಸವಿಟ್ಟಂತಿತ್ತು. ಕಾರ್ಖಾನೆಯ ಪಟ್ಟಿಯನ್ನೇ ಹಿಡಿದು ಅಳೆದು ಕೊಯ್ದಿದ್ದರಿಂದ ಬಾಗಿಲು ಚೌಕಟ್ಟಿನೊಳಗೆ ಕೂರಲೇ ಇಲ್ಲ. ಅಕ್ಕ ಸೊಂಟದ ಮೇಲೆ ಕೈಯಿಟ್ಟು, "ಏನ್ರೀ, ಇದೂ ಆರಿದ್ಮೇಲೆ ಕುಗ್ಗುತ್ತಾ?" ಎಂದು ಕೇಳಿದರು. ಆ ಮಾತು ಬೀದಿಯೆಲ್ಲ ಸುತ್ತಿ ಕಾರ್ಖಾನೆಗೂ ಹೋಯಿತು. ಅವತ್ತೇ ಅಕ್ಕ ಕಾರ್ಖಾನೆಯ ಪಟ್ಟಿಯ ತುದಿಯ ತೂತಿಗೆ ಒಂದು ಕೆಂಪು ನೂಲು ಕಟ್ಟಿದರು. ನೂಲು ಇರುವುದು ಕಾರ್ಖಾನೆಗೆ, ಇಲ್ಲದ್ದು ಮನೆಗೆ. ಇಲ್ಲದಿದ್ದರೆ ಎರಡನ್ನೂ ಗುರುತಿಸುವುದು ಕಷ್ಟ. ಎರಡೂ ಎರಡಡಿಯ ತೇಗದ ಪಟ್ಟಿಗಳು, ಎರಡನ್ನೂ ಅವರೇ ಮಾಡಿಕೊಂಡದ್ದು, ಎರಡಕ್ಕೂ ಒಂದೇ ಅರಗು.

ಆ ದಿನಗಳೆಲ್ಲ ನನಗೆ ಈಗ ಒಂದೇ ಮಧ್ಯಾಹ್ನವಾಗಿ ನೆನಪಾಗುತ್ತವೆ. ಹೊಂಗೆಯ ನೆರಳು, ಉಜ್ಜುಗೊರಡಿನಿಂದ ಸುರುಳಿ ಸುರುಳಿಯಾಗಿ ಉದುರುವ ಮರದ ಹೊಟ್ಟು, ಹೊಳೆಯ ಕಡೆಯಿಂದ ಬಟ್ಟೆ ಒಗೆಯುವ ಸದ್ದು, ದೂರದಲ್ಲಿ ಕಾರ್ಖಾನೆಯ ಸೈರನ್ನು... ಆ ಹಿತ್ತಲು ನನ್ನ ಮನಸ್ಸಿನಲ್ಲಿ ಬಹಳ ದೊಡ್ಡದು. ಹೋಗಿ ನೋಡಿದರೆ ಹತ್ತು ಹೆಜ್ಜೆಯೂ ಇರಲಿಕ್ಕಿಲ್ಲ.

ನಾನು ಬಸುರಿ ಎಂದು ತಿಳಿದ ವಾರವೇ ಆಚಾರ್ರು ತೊಟ್ಟಿಲಿಗೆ ಹಲಗೆ ಹುಡುಕಿದರು. ಮಗು ಹುಟ್ಟುವ ಮೊದಲು ತೊಟ್ಟಿಲು ಬಸುರಿಯ ಮನೆಗೆ ಬರಬಾರದು ಎಂದು ಅಕ್ಕ ಹಟ ಹಿಡಿದದ್ದರಿಂದ ಕೆಲಸವೆಲ್ಲ ಅವರ ಹಿತ್ತಲ ಬಾಗಿಲ ಬಳಿಯೇ, ರಜೆಯ ದಿನಗಳಲ್ಲಿ ನಡೆಯುತ್ತಿತ್ತು. ತೊಟ್ಟಿಲಿನ ಅಡಿಯಲ್ಲಿ ಹಾಯಿಸುವ ಸಲಾಕೆಯನ್ನು ಮೊದಲೇ ಕಮ್ಮಾರನ ಹತ್ತಿರ ಮಾಡಿಸಿ ಮೂಲೆಯಲ್ಲಿ ನಿಲ್ಲಿಸಿದ್ದರು. ನನಗೆ ಏಳು ತಿಂಗಳು. ಸುಮ್ಮನೆ ಕೂತುಕೋ ಎಂದರೆ ಕೂರುವ ಜಾತಿ ನನ್ನದಲ್ಲ.

ಒಂದು ರಜೆಯ ದಿನ ಆಚಾರ್ರು ಊಟಕ್ಕೆಂದು ಕೈ ತೊಳೆಯಲು ಹೋಗಿದ್ದರು. ಹಿಂದಿನ ದಿನದ ಗಾಳಿಗೆ ಹೀರೆಬಳ್ಳಿ ಗಳದಿಂದ ಜಾರಿ ನೆಲಕ್ಕೆ ಬಿದ್ದಿತ್ತು. ಎತ್ತಿ ಕಟ್ಟೋಣವೆಂದರೆ ಕೈಗೆ ದಾರ ಸಿಗಲಿಲ್ಲ. ಬಾಳೆಪಟ್ಟೆ ಸೀಳಲು ಸೋಮಾರಿತನ. ಬೆಂಚಿನ ಮೇಲೆ ಎರಡು ಪಟ್ಟಿಗಳೂ ಬಿದ್ದಿದ್ದವು. ಕೆಂಪು ನೂಲು ಬಿಚ್ಚಿ ಬಳ್ಳಿ ಕಟ್ಟಿದೆ. ಅಷ್ಟರಲ್ಲಿ ಅಕ್ಕ ಒಳಗಿಂದ, "ಏ ಮಾರಾಯ್ತಿ, ಬಿಸಿಲಲ್ಲಿ ಬಗ್ಗಿ ಬಗ್ಗಿ ಏನ್ ಮಾಡ್ತಿದೀಯೆ? ಬಾ ಒಳಗೆ!" ಎಂದು ಕೂಗಿದರು. ಬೈಸಿಕೊಳ್ಳುವ ಭಯಕ್ಕೆ ಬಳ್ಳಿಯಿಂದ ನೂಲು ಬಿಚ್ಚಿ, ಕೈಗೆ ಸಿಕ್ಕ ಪಟ್ಟಿಗೆ ಕಟ್ಟಿ, ಬಳ್ಳಿಗೆ ಕೊನೆಗೂ ಬಾಳೆನಾರನ್ನೇ ಸುತ್ತಿ ಒಳಗೆ ಓಡಿದೆ. ಯಾವ ಪಟ್ಟಿ ಎಂದು ನೋಡಲಿಲ್ಲ. ನೋಡಬೇಕೆಂಬ ಯೋಚನೆಯೂ ಬರಲಿಲ್ಲ.

ಊಟದ ನಂತರ ಆಚಾರ್ರು ನೂಲಿಲ್ಲದ ಪಟ್ಟಿ ಹಿಡಿದು ತೊಟ್ಟಿಲಿನ ಉದ್ದದ ಹಲಗೆಗಳನ್ನು ಕೊಯ್ದರು. ಮಾರನೆಯ ಬೆಳಿಗ್ಗೆ ನೂಲಿನ ಪಟ್ಟಿಯನ್ನು ಕಂಕುಳಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋದರು. ಆ ವಾರ ಯಾವುದೋ ಗಿರಣಿಗೆ ದೊಡ್ಡ ಗಾಲಿಯ ಅಚ್ಚು ಆಗಬೇಕಿತ್ತು. ಅಷ್ಟು ದೊಡ್ಡದನ್ನು ತಾವೂ ಮಾಡಿರಲಿಲ್ಲವೆಂದು ದಿನಾ ಸಂಜೆ ಬಂದು ಅದರ ವರ್ಣನೆ ಮಾಡುತ್ತಿದ್ದರು. ಶನಿವಾರ ಎರಕ ಹೊಯ್ದರು. ಹೊತ್ತು ಮುಳುಗುವಾಗ ಶೆಡ್ಡಿನ ಮೇಲಿನ ಆಕಾಶ ಕೆಂಪಾಗಿದ್ದನ್ನು ನಮ್ಮನ್ನೆಲ್ಲ ಹಿತ್ತಲಿಗೆ ಕರೆದು ತೋರಿಸಿದರು. "ಅದು ನನ್ನ ಗಾಲಿ" ಎಂದರು.

ಭಾನುವಾರ ತೊಟ್ಟಿಲು ಜೋಡಿಸಲು ಕೂತರು. ಸಲಾಕೆ ಹಾಯಿಸಿದರೆ ತುದಿಯ ನಟ್ಟು ಹಿಡಿಯಲಿಲ್ಲ. ಸಲಾಕೆ ಮೂರು ನೂಲು ಗಿಡ್ಡ. ಕಮ್ಮಾರನನ್ನು ಬೈಯುತ್ತಾರೆಂದು ನಾನು ಕಾದೆ. ಅವರು ಬೈಯಲಿಲ್ಲ. ಎರಡು ಪಟ್ಟಿಗಳನ್ನೂ ತಂದು ಒಗೆಯುವ ಕಲ್ಲಿನ ಮೇಲೆ ಒಂದರ ಪಕ್ಕ ಒಂದು ನಿಲ್ಲಿಸಿದರು. ಕೆಂಪು ನೂಲಿನದು ಗಿಡ್ಡವಾಗಿತ್ತು. ಅದು ಉದ್ದವಿರಬೇಕಾದ ಪಟ್ಟಿ.

ಅಕ್ಕ ಹೊಳೆಗೆ ಹೋಗಿದ್ದರು. ಆಚಾರ್ರು ಮುಖ ಎತ್ತದೆ, "ನಿನ್ನೆ ಹೊಯ್ದಾಯ್ತಲ್ಲ..." ಎಂದರು.

"ಆಚಾರ್ರೇ, ನೂಲು ಬಿಚ್ಚಿದ್ದು ನಾನು. ಬಳ್ಳಿ ಕಟ್ಟೋಕೆ..." ಎಂದು ಅಳತೊಡಗಿದೆ.

ಅವರು ಹೀರೆಬಳ್ಳಿಯ ಕಡೆ ನೋಡಿದರು. ಹಳದಿ ಹೂವು ಬಿಟ್ಟಿತ್ತು.

"ಯಾರ ಹತ್ರಾನೂ ಹೇಳ್ಬೇಡ ತಂಗಿ. ನಿನ್ನ ಗಂಡನಿಗೂ ಬೇಡ, ಅಕ್ಕನಿಗೂ ಬೇಡ. ಗುಮಾಸ್ತನ ಹೆಂಡ್ತಿ ಕೈಯಿಂದ ಮಾಲು ಕೆಟ್ಟಿತು ಅಂದ್ರೆ ಆ ಮಾಲೀಕ ಅವ್ನನ್ನ ಇಟ್ಕೊಳ್ತಾನಾ? ಮೊದಲ ಹೆರಿಗೆ ನಿಂದು. ಹೊಟ್ಟೇಲಿರೋ ಕೂಸಿನ ಮೇಲೆ ಆಣೆ ಮಾಡು."

ಆಣೆ ಮಾಡಿದೆ. ನಾಚಿಕೆಯಾಯಿತು ನಿಜ. ಆದರೆ ನಾಚಿಕೆಗಿಂತ ಹೆಚ್ಚಾಗಿ ಎದೆಯ ಭಾರ ಇಳಿದಂತಾಯಿತು. ಆ ಕ್ಷಣದಲ್ಲಿ ನನಗೆ ಹಾಗೆ ನಿರಾಳವಾದದ್ದನ್ನು ಇವತ್ತಿಗೂ ಕ್ಷಮಿಸಿಕೊಳ್ಳಲು ಆಗಿಲ್ಲ.

ಸೋಮವಾರ ಮರಳು ಬಿಡಿಸಿದಾಗ ಗಾಲಿ ಅರ್ಧ ಇಂಚು ಚಿಕ್ಕದಾಗಿತ್ತು. ಸಂಜೆ ನಮ್ಮ ಮನೆಯವರು ಚಪ್ಪಲಿ ಬಿಡುತ್ತಲೇ, "ಆಚಾರ್ರ ಕಣ್ಣು ಮಂದವಾಗಿದೆಯಂತೆ ಕಣೆ. ಗೀಟೇ ಸರಿಯಾಗಿ ಕಾಣ್ಲಿಲ್ಲ ಅಂತ ಎಲ್ಲರ ಎದುರಿಗೆ ಹೇಳ್ಬಿಟ್ರು, ಪಾಪ" ಎಂದರು. ಪಟ್ಟಿ ಬದಲಾಯಿತು ಎಂದು ಹೇಳಿಬಿಡಬಹುದಿತ್ತಲ್ಲ ಎಂದು ಮೊದಲು ನನಗೂ ಅನ್ನಿಸಿತ್ತು. ಆದರೆ ಅಕ್ಕನ ಕೆಂಪು ನೂಲಿನ ಕಥೆ ಕಾರ್ಖಾನೆಯಲ್ಲಿ ಗೊತ್ತಿಲ್ಲದವರಿರಲಿಲ್ಲ. ಹಾಗೆ ಹೇಳಿದ್ದರೆ ನೂಲು ಯಾರು ಬಿಚ್ಚಿದರು ಎಂದು ಕೇಳುತ್ತಿದ್ದರು. ಕಣ್ಣು ಕಾಣಲಿಲ್ಲ ಎಂದರೆ ಮುಂದೆ ಯಾರೂ ಏನೂ ಕೇಳುವುದಿಲ್ಲ.

ಕಣ್ಣು ಕಾಣದವರಿಗೆ ಅಚ್ಚಿನ ಬೆಂಚು ಯಾಕೆ? ಅವರನ್ನು ಹಿಂದಿನ ಅಂಗಳಕ್ಕೆ, ಇದ್ದಿಲಿನ ಮೂಟೆ ಇಳಿಸುವ ಕಡೆಗೆ ಹಾಕಿದರು. ನೂಲಿನಲ್ಲಿ ಯೋಚಿಸುತ್ತಿದ್ದವರು ಮೂಟೆಗಳ ನಡುವೆ ನಿಂತರು. ಅರಗು ಮತ್ತು ಮರದ ಹೊಟ್ಟಿನ ವಾಸನೆ ಬರುತ್ತಿದ್ದ ಅಂಗಿಯಲ್ಲಿ ಈಗ ಇದ್ದಿಲ ಮಸಿ. ತೊಟ್ಟಿಲಿನ ಸಲಾಕೆಗೆ ಕಮ್ಮಾರನ ಹತ್ತಿರ ಒಂದು ತುಂಡು ಬೆಸೆಸಿ ತಂದು, ನನ್ನ ಮಗಳ ನಾಮಕರಣಕ್ಕೆ ಸರಿಯಾಗಿ ತೊಟ್ಟಿಲು ಮುಗಿಸಿಕೊಟ್ಟರು. ಅದಾದ ಮೇಲೆ ಉಳಿ ಮುಟ್ಟಲಿಲ್ಲ. ಮನೆಯಲ್ಲಿ ಅನಾಹುತಗಳೂ ನಿಂತವು. ಹಿತ್ತಲಿನಲ್ಲಿ ಯಾರೂ ಹೆಬ್ಬೆರಳು ಜಜ್ಜಿಕೊಂಡು ಕೂಗಲಿಲ್ಲ. ನನಗೆ ಅದನ್ನು ಸಹಿಸುವುದು ಎಲ್ಲಕ್ಕಿಂತ ಕಷ್ಟವಾಯಿತು.

ಅಕ್ಕ ವಾರಕ್ಕೆ ಎರಡು ಸಲ ಹೊನಗೊನ್ನೆ ಸೊಪ್ಪು ಹುಡುಕಿ ತಂದು ಪಲ್ಯ ಮಾಡುತ್ತಿದ್ದರು. ಕಣ್ಣಿಗೆ ಒಳ್ಳೆಯದೆಂದು ಯಾರೋ ಹೇಳಿದ್ದರು. ಆಚಾರ್ರಿಗೆ ಆ ಸೊಪ್ಪು ಕಂಡರೆ ಆಗದು. ತಲೆ ತಗ್ಗಿಸಿ ತಿನ್ನುತ್ತಿದ್ದರು. ಅಕ್ಕನ ಸೂಜಿಗೆ ದಾರ ಪೋಣಿಸುವುದು ಮೊದಲಿನಿಂದ ಅವರದೇ ಕೆಲಸ. ಒಮ್ಮೆ ನನ್ನ ಮಗಳಿಗೆಂದು ಕೌದಿ ಹೊಲಿಯುತ್ತ ಅಕ್ಕ ಅಭ್ಯಾಸಬಲದಿಂದ ಸೂಜಿ ಚಾಚಿದರು. ಆಚಾರ್ರ ಕೈ ಮುಂದೆ ಬಂದು ಅರ್ಧದಲ್ಲೇ ನಿಂತಿತು. "ಕಾಣಲ್ಲ ಕಣೇ. ತಂಗಿಗೆ ಕೊಡು" ಎಂದರು. ನಾನು ಪೋಣಿಸಲು ಹೋದೆ. ಮೂರು ಸಲ ತಪ್ಪಿತು.

ಮಗಳು ಓಡಾಡುವಂತಾದ ಮೇಲೆ ಒಂದು ದಿನ ಅಂಗಾಲಿಗೆ ಮುಳ್ಳು ಚುಚ್ಚಿಕೊಂಡು ಕಿರುಚಿದಳು. ನಾನು ಎಷ್ಟು ಹುಡುಕಿದರೂ ಸಿಗಲಿಲ್ಲ. ಆಚಾರ್ರು ಅವಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೂದಲಿಗಿಂತ ಸಣ್ಣ ಆ ಮುಳ್ಳನ್ನು ಒಂದೇ ಸಲಕ್ಕೆ ಉಗುರಲ್ಲಿ ಹಿಡಿದು ಎಳೆದರು. ಆಮೇಲೆ ನನ್ನನ್ನು ನೋಡಿ ತುಟಿಯ ಮೇಲೆ ಬೆರಳಿಟ್ಟು ನಕ್ಕರು. ನಾನು ಒಳಗೆ ಹೋಗಿ ಅತ್ತೆ.

ಯುದ್ಧ ಮುಗಿದ ಮೇಲೆ ನಾವು ಶಿವಮೊಗ್ಗಕ್ಕೆ ಬಂದೆವು. ಆಚಾರ್ರು ತೀರಿಕೊಂಡ ಸುದ್ದಿ ತಿಳಿದು ಹೋದಾಗ ಅಕ್ಕ ಅದೇ ಹಿತ್ತಲಲ್ಲಿ ಕೂತಿದ್ದರು. ನನ್ನ ಕೈ ಹಿಡಿದು ಹೇಳಿದರು: "ಬೆಂಚು ಬಿಟ್ಟ ದಿನಾನೇ ಅವ್ರು ಅರ್ಧ ಹೋಗಿದ್ರು ಕಣೆ. ಕಣ್ಣು ಮಂದ ಆಗ್ತಿರೋದು ನಂಗೆ ಮೊದ್ಲೇ ಗೊತ್ತಾಗ್ಬೇಕಿತ್ತು. ಒಂದು ವರ್ಷ ಮುಂಚೆ ಸೊಪ್ಪು ತಿನ್ನಿಸಿದ್ರೆ ಉಳೀತಿತ್ತೋ ಏನೋ. ಹೆಂಡ್ತಿಯಾಗಿ ನಾನೇ ಗಮನ ಕೊಡ್ಲಿಲ್ಲ."

ಆಗ ಹೇಳಬೇಕಿತ್ತು. ಆಣೆ ಇದೆ ಎಂದುಕೊಂಡೆ. ಮಗಳು ಪಕ್ಕದಲ್ಲೇ ಆಡುತ್ತಿದ್ದಳು. ಈಗ ಯೋಚಿಸಿದರೆ ಆಣೆ ಬರೀ ನೆಪ. ನನಗೆ ಧೈರ್ಯವಿರಲಿಲ್ಲ. ಅಕ್ಕನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದುಕೊಂಡೆ, ಅಷ್ಟೆ... ಎರಡು ವರ್ಷಕ್ಕೆ ಅವರೂ ಹೋದರು, ಆ ತಪ್ಪನ್ನು ತಮ್ಮದೆಂದೇ ತಿಳಿದುಕೊಂಡು.

ಕಾಫಿ ತೆಗೆದುಕೊಂಡು ಹೊರಗೆ ಬಂದೆ. ಬಡಗಿ ತೊಟ್ಟಿಲಿನ ಹಲಗೆಯನ್ನು ಸವರುತ್ತಿದ್ದ. "ಕೆಲಸ ಏನೋ ಭಾರಿ ನಾಜೂಕಾಗಿದೆ ಅಜ್ಜಿ. ಅಳತೆ ಒಂದು ಕೆಟ್ಟೈತೆ. ಪಾಪ, ಕಣ್ಣು ಕಾಣ್ತಿರ್ಲಿಲ್ವೋ ಏನೋ" ಎಂದ.

"ಅವ್ರ ಕಣ್ಣು ಚೆನ್ನಾಗಿತ್ತಪ್ಪ" ಎಂದೆ. ನನ್ನ ದನಿ ನನಗೇ ಜೋರಾಗಿ ಕೇಳಿಸಿತು. "ಅವ್ರು ತಪ್ಪಿಲ್ಲ. ತಪ್ಪಿದ್ದು ನಾನು. ಹಲಗೆ ಮುಟ್ಬೇಡ, ಸಲಾಕೆನೇ ಉದ್ದ ಮಾಡ್ಸು."

ಇಷ್ಟನ್ನು ಹೇಳಲು ನನಗೆ ಒಂದು ಜೀವಮಾನ ಹಿಡಿಯಿತು. ಕೇಳಿಸಿಕೊಳ್ಳಬೇಕಾಗಿದ್ದ ಇಬ್ಬರೂ ಇಲ್ಲ. ಬಡಗಿ ನನ್ನ ಮುಖ ನೋಡಿದ, ಏನೂ ಅರ್ಥವಾಗದೆ "ಆಗ್ಲಿ ಅಜ್ಜಿ" ಎಂದ. ಆಮೇಲೆ ಪೆನ್ಸಿಲು ತೆಗೆದು ಗೋಡೆಯ ಮೇಲೆ ಬರೆದುಕೊಂಡ: ಮೂರಡಿ, ಮೂರು ನೂಲು.